ಉದ್ಧರಣೆಯಷ್ಟು ಮೂತೋಂ

ಪ್ಯಾರಿಸಿನಲ್ಲಿ ನೆಲಸಿರುವ ನನ್ನ ಭಾವಮೈದುನನು ತನಗೆ ಉಡುಗೊರೆಯಾಗಿ ಬಂದ ಶಾತೋ ಮೂತೋಂ ರೋತ್‌ಶೀಲ್ಡ್ ಎಂಬ ಫ್ರೆಂಚ್ ಕೆಂಪು ವೈನಿನ ಬಾಟಲಿಯ ಬಿರಡೆಯನ್ನು ಎರಡು ಗಂಟೆ ಮೊದಲೇ ತೆಗೆದಿಟ್ಟು, ಆಮೇಲೆ ತೀರ್ಥ ಕೊಡುವ ಅರ್ಚಕರಂತೆ ಎಲ್ಲರಿಗೂ ಒಂದೊಂದು ಉದ್ಧರಣೆಯಷ್ಟು ಸುರಿದನು. ನಾನು ಅದನ್ನು ತೀರ್ಥದಂತೆಯೇ ಒಂದು ಗುಟುಕಿಗೆ ಮುಗಿಸಿದ್ದು ಅವನಿಗೆ ಸಹನೆಯಾಗಲಿಲ್ಲ. “ಭಾವ, ಪೆನ್ಸಿಲ್ ಸೀಸದ ವಾಸನೆ ಗೊತ್ತಾಯಿತೇ?” ಎಂದು ಕೇಳಿದನು. ಗೊತ್ತಾಗಿರಲಿಲ್ಲ. ಕಪ್ಪು ಕರಂಟ್ ಹಣ್ಣು, ದೇವದಾರು, ಹುರಿದ ಕಾಫಿ, ಪೆನ್ಸಿಲ್ ಎಂದು ಬಲ್ಲವರು ಒಪ್ಪಿಸುವ ವಾಸನೆಗಳ ಪಟ್ಟಿಯಲ್ಲಿ ದ್ರಾಕ್ಷಿಯೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತವೆ. ಈ ವೈನಿನ ಊರಾದ ಪೋಯಾಕಿನ ಜಲ್ಲಿಕಲ್ಲಿನ ನೆಲದಲ್ಲಿ ಬೇರಿಳಿಸಿ ನಿಧಾನವಾಗಿ ಹಣ್ಣಾಗುವ ಕ್ಯಾಬರ್ನೆ ಸಾವಿನ್ಯೊನ್ ಎಂಬ ದ್ರಾಕ್ಷಿಬಳ್ಳಿಗೆ ಇದು ಅವಮಾನವಲ್ಲವೇ?

ಅವಮಾನವೆಂದಾಗ ನೆನಪಾಯಿತು. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೊ ಸೀಮೆಯ ವೈನ್ ದಲ್ಲಾಳಿಗಳು ಮಾರಾಟದ ಬೆಲೆ ನೋಡಿ ಅಲ್ಲಿನ ಮೆದೋಕ್ ಪ್ರಾಂತದ ವೈನುಗಳನ್ನು ಐದು ದರ್ಜೆಗಳಲ್ಲಿ ಕೂರಿಸಿದಾಗ, ಎರಡೇ ವರ್ಷದ ಹಿಂದೆ ನಥಾನಿಯೆಲ್ ರೋತ್‌ಶೀಲ್ಡ್ ಕೊಂಡಿದ್ದ ಈ ಮೂತೋಂ ತೋಟಕ್ಕೆ ಎರಡನೆಯ ದರ್ಜೆ ಸಿಕ್ಕಿತು. ಮೂತೋಂ ಎಂದರೆ ಫ್ರೆಂಚಿನಲ್ಲಿ ಕುರಿ. ಆದರೆ 1922ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಯಜಮಾನಿಕೆ ವಹಿಸಿಕೊಂಡ ಫಿಲಿಪ್ ರೋತ್‌ಶೀಲ್ಡನದು ಅಪ್ಪಟ ಟಗರಿನ ಹಟ. “ಮೊದಲನೆಯವನಾಗಲಾರೆ, ಎರಡನೆಯವನಾಗಲೊಲ್ಲೆ, ನಾನು ಮೂತೋಂ” ಎಂಬ ಮುನಿಸನ್ನೇ ಮನೆತನದ ಘೋಷವಾಕ್ಯವಾಗಿ ಹೊತ್ತ ಈ ತೋಟಕ್ಕಾಗಿ ಅವನು ದಶಕಗಳ ಕಾಲ ಸರಕಾರದ ಬಾಗಿಲು ತಟ್ಟಿದನು. ಕಡೆಗೆ 1973ರಲ್ಲಿ ಕೃಷಿ ಮಂತ್ರಿಯಾಗಿದ್ದ ಜಾಕ್ ಶಿರಾಕ್ ಸಹಿ ಹಾಕಿ ಮೂತೋಂ ಅನ್ನು ಮೊದಲ ದರ್ಜೆಗೆ ಏರಿಸಿದರು. ಆ ಪಟ್ಟಿಯಲ್ಲಿ ಹಾಗೆ ಮೇಲೇರಿದ್ದು ಇದೊಂದೇ. ಕೂಡಲೇ ಘೋಷವಾಕ್ಯವೂ “ಮೊದಲನೆಯವನಿದ್ದೇನೆ, ಎರಡನೆಯವನಾಗಿದ್ದೆ, ಮೂತೋಂ ಬದಲಾಗದು” ಎಂದಾಯಿತು. ಬದಲಾಗದು ಎಂದು ಸಾರುವುದಕ್ಕಾಗಿ ಇದ್ದ ವಾಕ್ಯವನ್ನೇ ಬದಲಿಸಿದ ಈ ಠೀವಿಯನ್ನು ಕಂಡರೆ ನನಗೆ ನಗುವಿಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ವಠಾರದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅದನ್ನು ಜಂಬವೆನ್ನುತ್ತಿದ್ದೆವು.

ನಮ್ಮ ಮುಂದಿದ್ದ ಬಾಟಲಿ 2009ರದು. ಚೀಟಿಯ ಮೇಲೆ ಮುಂಬೈಯಲ್ಲಿ ಹುಟ್ಟಿದ ಕಲಾವಿದ ಅನೀಶ್ ಕಪೂರರ ಚಿತ್ರವಿತ್ತು. 1945ರಿಂದ ವರ್ಷಕ್ಕೊಬ್ಬರಂತೆ ಚಿತ್ರ ಕೊಡುವ ಕಲಾವಿದರಿಗೆ ಸಂಭಾವನೆ ಹಣದಲ್ಲಿ ಅಲ್ಲ, ಪೆಟ್ಟಿಗೆ ಪೆಟ್ಟಿಗೆ ವೈನಿನಲ್ಲಿ ಸಲ್ಲುತ್ತದೆಯಂತೆ. ಪೆಟ್ಟಿಗೆಗಳು ಅವರಿಗೆ, ಉದ್ಧರಣೆ ನಮಗೆ.

ಎಲ್ಲರೂ ಮಾತಿನಲ್ಲಿದ್ದಾಗ ನಾನು ಮೆಲ್ಲಗೆದ್ದು, ಒಳಕೋಣೆಯಲ್ಲಿದ್ದ ಅವನ ಮಗಳ ಕಂಪಾಸ್ ಪೆಟ್ಟಿಗೆಯನ್ನು ತೆರೆದು, ಪೆನ್ಸಿಲ್ ಕೆತ್ತಿದ ಸಿಪ್ಪೆಯನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿದೆ. ಮರದ ವಾಸನೆ, ಅದರ ಹಿಂದೆಯೇ ಸೀಸದ ತಣ್ಣನೆಯ ಕಪ್ಪು ವಾಸನೆ. ಈಗಲಾದರೂ ಸರಿಯಾಗಿ ಹೋಲಿಸಿ ನೋಡೋಣವೆಂದು ಹಿಂತಿರುಗಿ ಗ್ಲಾಸು ಚಾಚುವಷ್ಟರಲ್ಲಿ ಬಾಟಲಿಗೆ ಬಿರಡೆ ಬಿದ್ದಾಗಿತ್ತು.