ಹಸಿರು ಕಂಡರೆ ಸಾಕು, ಟಿಕ್!

'ಸಲ್ಲಿಸು' ಗುಂಡಿ ಯಾವಾಗ ಹಸಿರಾಗುತ್ತದೋ ಎಂದು ಪರದೆಯನ್ನೇ ದಿಟ್ಟಿಸುತ್ತ ಕೂರುವ ಕೆಲಸವನ್ನು ಆಟೋಹಾಟ್‌ಕೀ ಎಂಬ ವಿಂಡೋಸ್ ತಂತ್ರಾಂಶಕ್ಕೆ ಒಪ್ಪಿಸಬಹುದು; ನಾವು ಬರೆದಿಟ್ಟಂತೆ ಅದು ಮೌಸ್, ಕೀಲಿಗಳನ್ನು ತಾನೇ ಒತ್ತುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟು, ಅಂದರೆ ಆದೇಶಗಳ ಪಟ್ಟಿ: ಈ ಜಾಗದ ಪಿಕ್ಸೆಲ್ (ಪರದೆಯ ಬಣ್ಣದ ಚುಕ್ಕೆ) ನೋಡು, ಹಸಿರಿದ್ದರೆ ಒತ್ತು, 100 ಮಿಲಿಸೆಕೆಂಡ್ ಸುಮ್ಮನಿರು, ಮತ್ತೆ ನೋಡು. ಬರೆದವರು ಕಾಫಿಗೆ ಎದ್ದರೋ, ಎಡವಟ್ಟು ಶುರು.

ಸ್ಕ್ರಿಪ್ಟಿಗೆ ಗುಂಡಿ ಗೊತ್ತಿಲ್ಲ, ಬಣ್ಣ ಮಾತ್ರ ಗೊತ್ತು. ಒತ್ತಿದ ಮೇಲೂ ಗುಂಡಿ 3 ಸೆಕೆಂಡ್ ಹಸಿರಾಗೇ ಇದ್ದರೆ ಸುಮಾರು 30 ಸಲ ಒತ್ತಿರುತ್ತದೆ. ಒಂದು ಅರ್ಜಿ, 30 ಸ್ವೀಕೃತಿ! ಹಿಂದಿನ ಸಲ ನೋಡಿದ ಬಣ್ಣವನ್ನು ನೆನಪಿಟ್ಟುಕೊಳ್ಳಲು ಹೇಳಬೇಕು: ಆಗ ಹಸಿರಿರಲಿಲ್ಲ, ಈಗ ಇದೆ ಅಂದರೆ ಮಾತ್ರ ಕ್ಲಿಕ್.

ಬಣ್ಣ ಬೇಡ, ಗುಂಡಿಯ ಚಿತ್ರವನ್ನೇ ಹುಡುಕಿಸೋಣ ಎಂದು ಪೈಥಾನ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ಪೈಆಟೋಗುಯಿಗೆ ಹೋದರೆ ಅಲ್ಲಿಯ ತರಲೆ ಬೇರೆ. ಒಮ್ಮೆ ಒತ್ತಿದ ಮೌಸ್ ಬಾಣ ಗುಂಡಿಯ ಮೇಲೇ ಕೂತಿರುತ್ತದೆ. ಬಾಣ ಕೂತರೆ ಎಷ್ಟೋ ಗುಂಡಿಗಳು ಬಣ್ಣ ಬದಲಿಸುತ್ತವೆ. ಚಿತ್ರಕ್ಕೆ ತಾಳೆಯಾಗದೆ 'ಸಿಗಲಿಲ್ಲ' ಎನ್ನುತ್ತದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಪ್ರತಿ ಕ್ಲಿಕ್ ಆದಮೇಲೂ ಬಾಣವನ್ನು ದೂರ ಸರಿಸಿ. ಗುಂಡಿಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಮಾಡಿ ಕಳಿಸಿಕೊಂಡಿದ್ದರಂತೂ ಕೆಲಸ ಕೆಟ್ಟಿತು: ಕಣ್ಣಿಗೆ ಅದೇ ಗುಂಡಿ, ಪಿಕ್ಸೆಲ್ ಲೆಕ್ಕಕ್ಕೆ ಬೇರೆ. ಪಿಕ್ಸೆಲ್ ಕೆಡಿಸದ ಪಿಎನ್‌ಜಿ ಕಡತವೇ ಆಗಬೇಕು. ಚಿತ್ರ ಎಷ್ಟು ತಾಳೆಯಾಗಬೇಕೆಂದು ಹೇಳುವ 'ಕಾನ್ಫಿಡೆನ್ಸ್' ಅನ್ನು 0.9 ಎಂದು ಸ್ವಲ್ಪ ಸಡಿಲ ಬಿಡಬಹುದು, ಅದಕ್ಕೆ ಚಿತ್ರ ಗುರುತಿಸುವ ಓಪನ್‌ಸಿವಿ ತಂತ್ರಾಂಶ ಹಾಕಿಕೊಂಡಿರಬೇಕು. ಇಷ್ಟೆಲ್ಲ ಸರಿಹೋದ ಮೇಲೆ, ಅಕ್ಷರ ಕಾಣುತ್ತಿಲ್ಲವೆಂದು ಮನೆಯಲ್ಲಿ ಯಾರೋ ಪರದೆಯ ಎಲ್ಲವನ್ನೂ ದೊಡ್ಡದಾಗಿಸುವ ಡಿಸ್‌ಪ್ಲೇ ಸ್ಕೇಲಿಂಗನ್ನು 100ರಿಂದ 125 ಶೇಕಡಾಕ್ಕೆ ಏರಿಸಿರುತ್ತಾರೆ. ಚಿತ್ರ ತೆಗೆಯುವುದು ಮತ್ತೆ ಮೊದಲಿಂದ.

ಇನ್ನೊಂದು ಎಡವಟ್ಟು: ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ (ಹೆಚ್ಚಿನ ಅಧಿಕಾರದಲ್ಲಿ) ತೆರೆದ ಕಿಟಕಿಗೆ ಸಾಮಾನ್ಯ ಸ್ಕ್ರಿಪ್ಟಿನ ಕ್ಲಿಕ್ ತಟ್ಟುವುದೇ ಇಲ್ಲ. ತಪ್ಪಿನ ಸೂಚನೆಯೂ ಬರುವುದಿಲ್ಲ.

ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಸಾಲನ್ನೇ ಜನ ಮರೆಯುವುದು: ನಿಲ್ಲಿಸುವ ಕೀಲಿ. ಪೈಆಟೋಗುಯಿಯಲ್ಲಿ ಬಾಣವನ್ನು ಪರದೆಯ ಎಡ ಮೇಲ್ಮೂಲೆಗೆ ನೂಕಿದರೆ ಓಟ ನಿಲ್ಲುತ್ತದೆ. ಆಟೋಹಾಟ್‌ಕೀಯಲ್ಲಿ ಎಸ್ಕೇಪ್ ಕೀಲಿಗೆ 'ಎಕ್ಸಿಟ್‌ಆ್ಯಪ್' (ಸ್ಕ್ರಿಪ್ಟು ನಿಲ್ಲಿಸುವ ಆದೇಶ) ಎಂದು ನೀವೇ ಬರೆದಿಡಬೇಕು. ಬರೆದಿಲ್ಲವೋ, ನೀವು ಬಾಣವನ್ನು ಮುಚ್ಚುವ ಗುರುತಿನತ್ತ ಎಳೆಯುತ್ತೀರಿ, ಅದು ಹಸಿರಿನತ್ತ ಓಡುತ್ತದೆ. ಆಗ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ. ಆ ಪರದೆಗೆ ಸ್ಕ್ರಿಪ್ಟಿನ ಕೈ ಎಟಕುವುದಿಲ್ಲ. ಅಲ್ಲಿ ಸೈನ್ ಔಟ್ ಮಾಡಿದರೆ ಮೌಸ್ ವಾಪಸ್ ಸಿಗುತ್ತದೆ, ಸೇವ್ ಮಾಡದ ಕೆಲಸ ಹೋಗುತ್ತದೆ.