ಸಣ್ಣ ಮಾತ್ರೆ, ಎಂತೂ ಆಗ್ತಿಲ್ಲೆ

ಶಿರಸಿ ಕಡೆ ಮಳೆ ಹಿಡಿಯಿತೆಂದರೆ ಮೆತ್ತಿನ ಮೇಲಿನ ಬೂಷ್ಟಿಗೆ ಸೀನು, ತೋಟಕ್ಕೆ ಹೋದವರಿಗೆ ರಕ್ತ ಹೀರುವ ಉಂಬಳದ ತುರಿಕೆ. ಎರಡಕ್ಕೂ ಮನೆಯ ಡಬ್ಬಿಯಲ್ಲಿ ಒಂದೇ ಮದ್ದು: ಅಲರ್ಜಿ ಮಾತ್ರೆ. "ಸಣ್ಣ ಮಾತ್ರೆ, ಎಂತೂ ಆಗ್ತಿಲ್ಲೆ, ಸ್ವಲ್ಪ ನಿದ್ದೆ ಬತ್ತು ಅಷ್ಟೇ" ಅಂತ ಆಯಿ ಎಲ್ಲರಿಗೂ ಹಂಚುತ್ತಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

ಕಳೆದ ಆಷಾಢದಲ್ಲಿ ಅಪ್ಪಯ್ಯ ತುರಿಕೆಗೆಂದು ರಾತ್ರಿ ಒಂದು ನುಂಗಿದ. ಬೆಳಿಗ್ಗೆ ಮೂಗು ಸೋರುತ್ತದೆಂದು ನೆಗಡಿ ಮಾತ್ರೆ, ಮಧ್ಯಾಹ್ನ ಮತ್ತೊಂದು. ಸಂಜೆ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು, "ತಮಾ, ಉಚ್ಚೆ ಬತ್ತಾ ಇಲ್ಲೆ" ಅಂದ. ಮೂತ್ರನಾಳ ಸುತ್ತಿದ ಪ್ರಾಸ್ಟೇಟ್ ಗ್ರಂಥಿ ಮೊದಲೇ ದಪ್ಪಗಿತ್ತು. ಆಸ್ಪತ್ರೆಯಲ್ಲಿ ನಳಿಗೆ ಹಾಕಿ ಇಳಿಸಬೇಕಾಯಿತು. ಡಾಕ್ಟರು ಎರಡೂ ಸ್ಟ್ರಿಪ್ಪು ತಿರುಗಿಸಿ ತೋರಿಸಿದರು. ಹೆಸರು, ಬಣ್ಣ ಬೇರೆ. ಒಳಗಿದ್ದದ್ದು ಅದೇ ಅಲರ್ಜಿ ಮದ್ದು, ಕ್ಲೋರ್‌ಫೆನಿರಮೈನ್. ನೆಗಡಿ ಮಾತ್ರೆಯಲ್ಲಿ ಜೊತೆಗೆ ಕಟ್ಟಿದ ಮೂಗು ಬಿಡಿಸುವ ಫಿನೈಲ್‌ಎಫ್ರಿನ್. ಮೊದಲನೆಯದು ಮೂತ್ರಚೀಲ ಹಿಂಡುವ ಶಕ್ತಿ ಕುಗ್ಗಿಸಿದರೆ, ಎರಡನೆಯದು ಆ ಚೀಲದ ಬಾಯಿ ಬಿಗಿ ಮಾಡುತ್ತದಂತೆ.

ಆಮೇಲೆ ಕೂತು ಓದಿದೆ. ಉಂಬಳ ಕಚ್ಚಿದಲ್ಲಿ ಚರ್ಮದ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ, ಅದು ಹೋಗಿ ತನ್ನ ಜಾಗದಲ್ಲಿ ಕೂತರೆ ತುರಿಕೆ. ಈ ಮಾತ್ರೆ ಹಿಸ್ಟಮಿನ್ನನ್ನು ಓಡಿಸುವುದಿಲ್ಲ, ಹುಬ್ಬಳ್ಳಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಮುಂಚೆಯೇ ಜಾಗ ಹಿಡಿಯುತ್ತದೆ. ತೊಂದರೆ ಏನೆಂದರೆ ಮಿದುಳಿನಲ್ಲೂ ಹಿಸ್ಟಮಿನ್ ಇದೆ, ಅಲ್ಲಿ ಅದರ ಕೆಲಸ ನಮ್ಮನ್ನು ಎಚ್ಚರ ಇಡುವುದು. ಇಂಥ ಹಳೆಯ ತಲೆಮಾರಿನ ಮಾತ್ರೆಗಳು ಮಿದುಳಿಗೂ ಸಲೀಸಾಗಿ ನುಗ್ಗಿ ಅಲ್ಲಿಯೂ ಟವೆಲ್ ಹಾಸುತ್ತವೆ. ಸಾಲದ್ದಕ್ಕೆ ಅಸಿಟೈಲ್‌ಕೋಲಿನ್ ಎಂಬ, ನರಗಳ ಸಂದೇಶ ಒಯ್ಯುವ ಇನ್ನೊಂದು ರಾಸಾಯನಿಕದ ಸೀಟಿಗೂ ಕೈ ಹಾಕುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ವಯಸ್ಸಾದವರು ರಾತ್ರಿ ಎದ್ದು ಗಲಿಬಿಲಿಯಾಗಿ ಬೀಳುವುದು ಇದರಿಂದಲೇ. ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ಒತ್ತಡದ ರೋಗ) ಇದ್ದವರಿಗೂ ಇದು ಅಪಾಯ.

ದೊಡ್ಡವರ ಮೈಯಲ್ಲಿ ಕ್ಲೋರ್‌ಫೆನಿರಮೈನ್ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ರಾತ್ರಿ ನುಂಗಿ ಬೆಳಿಗ್ಗೆ ದೇವಿಮನೆ ಘಟ್ಟ ಇಳಿಯುವವರಿಗೆ ಈ ಲೆಕ್ಕ ಗೊತ್ತಿರಲಿ. ತೂಕಡಿಕೆ ಗೊತ್ತಾಗದಿದ್ದರೂ ಬ್ರೇಕ್ ಮೇಲಿನ ಕಾಲು ನಿಧಾನವಾಗಿರುತ್ತದೆ. ಮೇಲೆ ಹೆಂಡವೋ ನಿದ್ದೆ ಮಾತ್ರೆಯೋ ಸೇರಿದರೆ ಕೇಳುವುದೇ ಬೇಡ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಕ್ಕಳು ಮಲಗಲಿ ಅಂತ ನೆಗಡಿ ಸಿರಪ್ ಕುಡಿಸುವವರ ಮೇಲೆ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಜೋಡಿಯನ್ನು 4 ವರ್ಷದ ಒಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಬರೆಯಲು 2023ರಲ್ಲೇ ಔಷಧ ನಿಯಂತ್ರಕರು ಹೇಳಿದ್ದಾರೆ. ಅಷ್ಟಾಗಿ ಆ ನಿದ್ದೆ ಬಾಳುವಂಥದ್ದೂ ಅಲ್ಲ; ಕೆಲವೇ ದಿನಕ್ಕೆ ಮೈ ಒಗ್ಗಿಕೊಳ್ಳುತ್ತದೆ.

ಮದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಬರೀ ತುರಿಕೆ, ಸೀನಿಗೆ ಮಿದುಳಿಗೆ ಅಷ್ಟಾಗಿ ಹೋಗದ ಲೊರಾಟಡಿನ್, ಫೆಕ್ಸೊಫೆನಡಿನ್ ಇವೆಯಲ್ಲ, ಅದನ್ನೇ ಡಾಕ್ಟರ ಹತ್ತಿರ ಕೇಳಬಹುದು. ಸೆಟ್ರಿಜಿನ್ ಕೂಡ ಕೆಲವರನ್ನು ತೂಕಡಿಸುತ್ತದೆ. ಹೆಜ್ಜೇನು ಕಚ್ಚಿ ಉಸಿರು ಕಟ್ಟಿದರೆ, ನಾಲಿಗೆ ಊದಿದರೆ ಮಾತ್ರ ಯಾವ ಮಾತ್ರೆಗೂ ಕಾಯಬೇಡಿ. ಅಲ್ಲಿ ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್, ಸೀದಾ ಆಸ್ಪತ್ರೆಗೆ ಹೊರಡಿ.

ಡಬ್ಬಿಯಲ್ಲಿದ್ದ ಸ್ಟ್ರಿಪ್ಪಿನ ಮೇಲೆ ಈಗ ಆಯಿ ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ: "ಇವಕ್ಕೆ ಬ್ಯಾಡ". ಗಂಡನ ಹೆಸರು ಬರೆಯುವ ರೂಢಿ ಅವಳಿಗಿಲ್ಲವಲ್ಲ.