ಅಣ್ಣಾವ್ರ ದಾರಿ, ಗ್ಯಾರೆಟ್ ದಾರಿ

2004ರ ಅಕ್ಟೋಬರ್‌ನಲ್ಲಿ ನಾನು ಆಸ್ಟ್ರೇಲಿಯಾದಲ್ಲಿ ಮೊದಲ ಸಲ ವೋಟು ಹಾಕಿದೆ. ಸಿಡ್ನಿಯ ಮರೂಬ್ರಾದಲ್ಲಿ, ಮನೆ ಹತ್ತಿರದ ಶಾಲೆಯೊಂದರಲ್ಲಿ. ಇಲ್ಲಿ ಪೆನ್ಸಿಲ್ ಹಿಡಿದು ಎಲ್ಲ ಅಭ್ಯರ್ಥಿಗಳ ಮುಂದೆಯೂ 1, 2, 3 ಅಂತ ನಂಬರ್ ಬರೆಯಬೇಕು. ನಾನು 1 ಬರೆದದ್ದು ಪೀಟರ್ ಗ್ಯಾರೆಟ್ ಹೆಸರಿನ ಮುಂದೆ. ಮಿಡ್‌ನೈಟ್ ಆಯಿಲ್ ಎಂಬ ರಾಕ್ ಬ್ಯಾಂಡಿನ ಬೋಳುತಲೆಯ ಗಾಯಕ, ಆಗ ಲೇಬರ್ ಪಕ್ಷದ ಅಭ್ಯರ್ಥಿ.

ಅದಕ್ಕೆ ಕಾರಣ 2000ರ ಸಿಡ್ನಿ ಒಲಿಂಪಿಕ್ಸ್‌ನ ಕೊನೆಯ ರಾತ್ರಿ. ಮೂಲನಿವಾಸಿಗಳಿಗೆ ಆದ ಅನ್ಯಾಯಕ್ಕೆ ಸರ್ಕಾರದ ಪರವಾಗಿ ಕ್ಷಮೆ ಕೇಳಲು ಪ್ರಧಾನಿ ಜಾನ್ ಹೋವರ್ಡ್ ಒಪ್ಪಿರಲಿಲ್ಲ. ಅವರು ಕ್ರೀಡಾಂಗಣದಲ್ಲಿ ಕೂತಿದ್ದಾಗಲೇ ಈ ಬ್ಯಾಂಡಿನವರು ಕಪ್ಪು ಬಟ್ಟೆ ತೊಟ್ಟು ವೇದಿಕೆಗೆ ಬಂದರು. ಅಂಗಿ, ಪ್ಯಾಂಟು ಎಲ್ಲದರ ಮೇಲೂ ಬಿಳಿ ಅಕ್ಷರದಲ್ಲಿ ಒಂದೇ ಮಾತು, 'ಸಾರಿ'. ಹಾಡಿದ್ದು ಪಿಂಟುಪಿ ಎಂಬ ಮೂಲನಿವಾಸಿ ಜನರ ನೆಲವನ್ನು ಅವರಿಗೇ ಮರಳಿಸಬೇಕು ಎನ್ನುವ ಹಾಡು. ಟಿವಿ ಮುಂದೆ ಕೂತಿದ್ದ ನನಗೆ ಮೈ ಜುಮ್ಮೆಂದಿತ್ತು.

ನಾನು ಬೆಳೆದದ್ದು ಬೇರೆ ದಾರಿ ನೋಡಿ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಊರೂರು ಸುತ್ತಿದರು. ಅವರು ಬಂದ ಮೇಲೆ ಸಾಹಿತಿಗಳ ಹೋರಾಟ ಬೀದಿಬೀದಿಯ ಜನರ ಹೋರಾಟವಾಯಿತು, ಸರ್ಕಾರ ಬಗ್ಗಲೇಬೇಕಾಯಿತು. ಆದರೂ ಅವರು ಚುನಾವಣೆಗೆ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಅದನ್ನೇ ದೊಡ್ಡ ಗುಣ ಅಂತ ಹೇಳುತ್ತಿದ್ದರು. ರಂಗಕರ್ಮಿ, ಗಾಯಕಿ ಬಿ. ಜಯಶ್ರೀ 2010ರಲ್ಲಿ ರಾಜ್ಯಸಭೆಗೆ ಹೋದರು ನಿಜ, ಆದರೆ ಅದು ನಾಮನಿರ್ದೇಶನ, ವೋಟು ಕೇಳಿದ್ದಲ್ಲ.

ಗ್ಯಾರೆಟ್ ರಾಜಕೀಯದ ಒಳಗೆ ಹೋದರು, ಬೆಲೆಯನ್ನೂ ತೆತ್ತರು. 1984ರಲ್ಲಿ ಅಣ್ವಸ್ತ್ರ ವಿರೋಧಿ ಪಕ್ಷದಿಂದ ಸೆನೆಟ್‌ಗೆ ನಿಂತು ಸ್ವಲ್ಪದರಲ್ಲಿ ಸೋತಿದ್ದ ಮನುಷ್ಯ, 2009ರಲ್ಲಿ ಪರಿಸರ ಸಚಿವರಾಗಿ ದಕ್ಷಿಣ ಆಸ್ಟ್ರೇಲಿಯಾದ ಹೊಸ ಯುರೇನಿಯಂ ಗಣಿಯೊಂದಕ್ಕೆ ತಾವೇ ಒಪ್ಪಿಗೆ ಕೊಟ್ಟರು. ಹಳೆಯ ಅಭಿಮಾನಿಗಳು ಬಾಯಿಗೆ ಬಂದಂತೆ ಬೈದರು. ನನಗೂ ತುಂಬಾ ಬೇಜಾರಾಯಿತು, ಈಗಲೂ ಆ ನಿರ್ಧಾರ ತಪ್ಪು ಅಂತಲೇ ಅನಿಸುತ್ತದೆ.

ಆದರೂ ಇಷ್ಟು ವರ್ಷ ಇಲ್ಲಿದ್ದು ನನಗೆ ಗ್ಯಾರೆಟ್ ದಾರಿಯೇ ಜಾಸ್ತಿ ಬೇಕು ಅನಿಸಿದೆ. ಅಣ್ಣಾವ್ರನ್ನು ನಾವು ಪ್ರೀತಿಸಿದೆವು, ಪ್ರಶ್ನೆ ಕೇಳಲಿಲ್ಲ. ಗ್ಯಾರೆಟ್‌ಗೆ ಜನ ದಿನಾ ಪ್ರಶ್ನೆ ಕೇಳಿದರು, ಅವರು ಉತ್ತರ ಕೊಡಬೇಕಾಯಿತು. ಹಾಡಿನಲ್ಲಿ ಹೇಳಿದ್ದನ್ನು ಕಡತದ ಮೇಲೆ ಮಾಡಿ ತೋರಿಸು ಅನ್ನುವ ಹಕ್ಕು ನಮ್ಮ ಜನಕ್ಕೂ ಬೇಡವೇ? 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿದಾಗ ಗ್ಯಾರೆಟ್ ಅದೇ ಸರ್ಕಾರದ ಸಚಿವರು. ಏಳು ವರ್ಷದ ಹಿಂದೆ ಅಂಗಿಯ ಮೇಲೆ ಬರೆದುಕೊಂಡಿದ್ದ ಮಾತು ಅಂದು ಸಂಸತ್ತಿನ ದಾಖಲೆಗೆ ಸೇರಿತು.

ನಾಳೆ ಕಪ್ಪತಗುಡ್ಡ ಉಳಿಸುತ್ತೇನೆ ಅಂತ ನಮ್ಮ ಕಡೆಯ ಗಾಯಕರೊಬ್ಬರು ಚುನಾವಣೆಗೆ ನಿಂತರೆ, ನಾನು ಗದಗಿನಲ್ಲಿರುವ ಅಮ್ಮನಿಗೆ ಅವತ್ತೇ ಫೋನ್ ಮಾಡುತ್ತೇನೆ.